ಹಾಸಿಗೆಯವರ ಮನೆಯ ನಿದ್ದೆ

ಆಪರೇಷನ್ನಿಗೆಂದು ಬೆಳಿಗ್ಗೆ ಬ್ಯಾಗು ಹಿಡಿದು ಹೋದ ದಬ್ಬಳದಕ್ಕ ಮಧ್ಯಾಹ್ನದ ಊಟದ ಹೊತ್ತಿಗೆ ಅದೇ ಬ್ಯಾಗು, ಅದೇ ದವಡೆ ಹೊತ್ತು ಮನೆಗೆ ವಾಪಸು ಬಂದಳು. ಎದುರಂಗಡಿಯ ಸೈಕಲ್ ರಿಪೇರಿಯವನು ಪಂಕ್ಚರ್ ಹಾಕುವುದನ್ನು ನಿಲ್ಲಿಸಿ, "ಇಷ್ಟು ಬೇಗ ಮುಗೀತಾ ಅಕ್ಕಾ?" ಅಂದ.

"ಶುರುವೇ ಆಗ್ಲಿಲ್ಲ, ಮುಗಿಯೋದೇನು ಬಂತು," ಅಂದವಳೇ ತಮ್ಮ ಹಾಸಿಗೆ ಅಂಗಡಿ ದಾಟಿ ಒಳಗೆ ಹೋದಳು. ಅವಳ ಹಿಂದೆ ಗಂಡ ತಲೆ ತಗ್ಗಿಸಿಕೊಂಡು ಬಂದ.

ಅಡುಗೆಮನೆಯಲ್ಲಿ ಅತ್ತೆ ಒಬ್ಬಳೇ ಕೂತು ಊಟ ಮಾಡುತ್ತಿದ್ದಳು. ಸೊಸೆಯನ್ನು ಕಂಡು ಎತ್ತಿದ ತುತ್ತು ಕೈಯಲ್ಲೇ ಉಳಿಯಿತು.

"ಏನೇ, ಡಾಕ್ಟ್ರು ಓಡಿಹೋದ್ರಾ?"

"ನನ್ನನ್ನೇ ಓಡಿಸಿದ್ರು. ಬಿಪಿ ಸಿಕ್ಕಾಪಟ್ಟೆ ಏರಿದೆಯಂತೆ. ಎಷ್ಟು ದಿನದಿಂದ ನಿದ್ದೆ ಇಲ್ಲ ಅಂತ ಕೇಳಿದ್ರು. ವಾರದ ಮೇಲಾಯ್ತು ಅಂದೆ. ಹಾಗಾದ್ರೆ ಮನೆಗೆ ಹೋಗಿ ನಿದ್ದೆ ಮಾಡ್ಕೊಂಡು ಬಾ ಅಂದ್ರು."

"ನಿದ್ದೆ ಮಾಡು ಅಂತ ಹೇಳಿಸ್ಕೊಳ್ಳೋಕೆ ಆಸ್ಪತ್ರೆವರೆಗೂ ಹೋಗ್ಬೇಕಿತ್ತಾ? ನಾನೇ ಹೇಳ್ತಿದ್ದೆ, ಆಟೋ ಖರ್ಚಾದ್ರೂ ಉಳೀತಿತ್ತು."

"ಅಮ್ಮಾ, ನೀನು ಸ್ವಲ್ಪ ಸುಮ್ನಿರು," ಅಂದ ಗಂಡ.

"ಅವರನ್ನ ಯಾಕೆ ಸುಮ್ನಿರಿಸ್ತೀರಿ? ಅವರಾದ್ರೂ ಬಾಯಿ ಬಿಟ್ಟು ಹೇಳ್ತಾರೆ. ನೀವು ಆಟೋದಲ್ಲಿ ಒಂದು ಮಾತಾಡ್ಲಿಲ್ಲ," ಅಂದಳು ದಬ್ಬಳದಕ್ಕ. ಅವನು ನಿಜಕ್ಕೂ ಮಾತಾಡಿರಲಿಲ್ಲ. ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ ಇನ್ನೊಂದು ಮಾತನ್ನು ಅವನು ತನ್ನೊಳಗೇ ಇಟ್ಟುಕೊಂಡಿದ್ದ.

ದಬ್ಬಳವೆಂದರೆ ಗೇಣುದ್ದದ ಸೂಜಿ. ಆ ಮನೆಯವರ ಕಸುಬು ಹತ್ತಿಯ ಹಾಸಿಗೆ ಮಾಡುವುದು. ಮುಂದಿನ ದೊಡ್ಡ ಕೋಣೆಯೇ ಅಂಗಡಿ, ಅದರ ಮೂಲೆಯಲ್ಲಿ ಹತ್ತಿ ಹಿಂಜುವ ಯಂತ್ರ. ಗಂಡ ಹಳೆ ಹತ್ತಿ, ಹೊಸ ಹತ್ತಿ ಹಿಂಜಿ ಗವುಸಿಗೆ ತುಂಬುತ್ತಿದ್ದ. ಹತ್ತಿ ಒಂದು ಕಡೆ ಸರಿದು ಗುಡ್ಡೆಯಾಗದಂತೆ ಅಲ್ಲಲ್ಲಿ ಮೇಲಿಂದ ಕೆಳಗೆ ದಬ್ಬಳ ತೂರಿಸಿ ಹುರಿ ಬಿಗಿಯುವುದು ಹೆಂಡತಿಯ ಕೆಲಸ. ಹುರಿಯನ್ನು ಅವಳು ಕತ್ತರಿಯಿಂದ ಕತ್ತರಿಸಿದ್ದನ್ನು ಕಂಡವರಿಲ್ಲ, ಹಲ್ಲಿನಲ್ಲೇ ಕಡಿಯುತ್ತಿದ್ದಳು. ನಾಲಿಗೆಯೂ ಅಷ್ಟೇ ಚೂಪು. ಹೀಗಾಗಿ ಬೀದಿಯವರು ಇಟ್ಟ ಹೆಸರು ಸರಿಯಾಗಿಯೇ ಇತ್ತು, ಅವಳಿಗೂ ಅದರ ಬಗ್ಗೆ ಬೇಸರವಿರಲಿಲ್ಲ.

ಅವಳಿಗೆ ಇನ್ನೊಂದು ಕೆಲಸವೂ ಇತ್ತು. ಹೊಲಿದು ಮುಗಿದ ಪ್ರತಿ ಹಾಸಿಗೆಯ ಮೇಲೂ ಮೊದಲು ಅವಳು ಮಲಗಿ ನೋಡಬೇಕು. ಅಂಗಾತ ಒಂದು ಸಲ, ಎರಡು ಮಗ್ಗುಲಿಗೂ ಒಂದೊಂದು ಸಲ. "ಬಲಗಡೆ ಸೊಂಟದ ಹತ್ರ ಗಂಟಿದೆ, ಬಿಚ್ಚಿ" ಅಂದರೆ ಗಂಡ ಎದುರು ಮಾತಾಡದೆ ಬಿಚ್ಚುತ್ತಿದ್ದ. ಅವಳು ಒಪ್ಪಿದ ಹಾಸಿಗೆಯನ್ನು ಗಿರಾಕಿ ಮರಳಿ ತಂದ ಉದಾಹರಣೆಯೇ ಇರಲಿಲ್ಲ. ಊರಿಗೆಲ್ಲ ನಿದ್ದೆ ಹಂಚಿದವಳು ಈಗ ಒಂದು ರಾತ್ರಿಯ ನಿದ್ದೆಗೆ ಒದ್ದಾಡುತ್ತಿದ್ದಳು.

ನೋವು ಶುರುವಾದದ್ದೂ ಹುರಿ ಕಡಿಯುವಾಗಲೇ. ಎಡದವಡೆಯಲ್ಲಿ ಛಳಕ್ ಅಂದಿತು. ಹಲ್ಲಿನ ಡಾಕ್ಟರು ಎಕ್ಸರೇ ಫೋಟೋ ತೆಗೆಸಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿಯ ಡಾಕ್ಟರಮ್ಮ ಫೋಟೋವನ್ನು ಬೆಳಕಿಗೆ ಹಿಡಿದು ತೋರಿಸಿದಳು. ದವಡೆ ಮೂಳೆಯೊಳಗೆ ನೀರು ತುಂಬಿದ ಚೀಲವೊಂದು ಬೆಳೆದು ಮೂಳೆಯನ್ನು ತಿನ್ನುತ್ತ ಬಂದಿತ್ತು. ಕ್ಯಾನ್ಸರಲ್ಲ, ಆದರೆ ಬಿಟ್ಟರೆ ನಿಲ್ಲುವುದೂ ಇಲ್ಲ. ಅದನ್ನು ಕಿತ್ತು, ಲೋಹದ ಪಟ್ಟಿ ಕೂರಿಸಿ, ಮೂಳೆ ಕೂಡುವವರೆಗೆ ಕೆಲವು ವಾರ ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿಯಲ್ಲಿ ಕಟ್ಟಬೇಕು. ಬಾಯಿ ತೆರೆಯುವಂತಿಲ್ಲ.

ಅವತ್ತು ಆಪರೇಷನ್ ಮುಂದೂಡುವಾಗ ಡಾಕ್ಟರಮ್ಮ ಗಂಡನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಇಷ್ಟು: "ಮುಂದಿನ ತಿಂಗಳಿಗೆ ಡೇಟ್ ಕೊಟ್ಟಿದ್ದೀನಿ. ಅದು ತಪ್ಪಬಾರದು. ಮೂಳೆ ಮೊಟ್ಟೆಯ ಸಿಪ್ಪೆಯಷ್ಟಾಗಿದೆ. ತಾನಾಗೇ ಮುರಿದ್ರೆ ಅರ್ಧ ದವಡೆನೇ ತೆಗೀಬೇಕಾಗುತ್ತೆ." ಆ ಮಾತನ್ನು ಅವನು ಹೆಂಡತಿಗೆ ಹೇಳದೆ ಮುಚ್ಚಿಟ್ಟ. ಅವಳು ಅದನ್ನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡು, ಕೇಳಿದ್ದನ್ನು ಅವನಿಂದ ಮುಚ್ಚಿಟ್ಟಳು. ಹೀಗೆ ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಂದೊಬ್ಬರು ಕಾಪಾಡುತ್ತಿದ್ದರು.

ರಾತ್ರಿ ಊಟಕ್ಕೆ ಕೂತಾಗ ಗಂಡ ಕೊನೆಗೂ ಬಾಯಿ ಬಿಟ್ಟ.

"ತಪ್ಪು ನಂದೇ. ನಿನ್ನ ಹಾಸಿಗೆ ಬಿಚ್ಚಿ ಎಷ್ಟು ವರ್ಷ ಆಯ್ತು? ಹತ್ತಿ ಎಲ್ಲ ಹೆಂಟೆ ಕಟ್ಟಿರುತ್ತೆ. ಅದರ ಮೇಲೆ ಯಾರಿಗೆ ನಿದ್ದೆ ಬರುತ್ತೆ?"

"ಅದೇ ಹಾಸಿಗೆ ಮೇಲೆ ಇಷ್ಟು ವರ್ಷ ಮಲಗಿದ್ದೀನಲ್ಲ."

"ಆಗ ವಯಸ್ಸಿತ್ತು," ಅಂದಳು ಅತ್ತೆ. "ನಾಳೆನೇ ಬಿಚ್ಚೋ. ಹೊಸ ಹತ್ತಿ ಹಾಕು."

ಬಡಗಿಗೆ ಮೊಳೆ ಬಿಟ್ಟರೆ ಬೇರೆ ಔಷಧ ಹೊಳೆಯುತ್ತದೆಯೇ? ಆ ಮನೆಯಲ್ಲಿ ಯಾರಿಗೆ ನಿದ್ದೆ ಬಾರದಿದ್ದರೂ ತಪ್ಪು ಹಾಸಿಗೆಯದೇ. ಅಂಗಡಿಗೆ ಬಂದವರಿಗೆ ದಿನಾ ಹೇಳುತ್ತಿದ್ದ ಮಾತನ್ನು ಅವರು ತಾವೂ ನಂಬಿದ್ದರು.

ಮರುದಿನವೇ ಗಂಡ ಗಿರಾಕಿಗಳ ಕೆಲಸ ಪಕ್ಕಕ್ಕಿಟ್ಟು ಹೆಂಡತಿಯ ಹಾಸಿಗೆ ಬಿಚ್ಚಿದ. ಹಿಂಜಿದ, ತುಂಬಿದ, ಹೊಲಿದ. ರಾತ್ರಿ ಅವಳು ಎಂದಿನಂತೆ ಅಂಗಡಿಯ ಕೋಣೆಯಲ್ಲೇ ಅದರ ಮೇಲೆ ಮಲಗಿದಳು. ಬೆಳಿಗ್ಗೆ ಎದ್ದಾಗ ಕಣ್ಣು ಕೆಂಪಗಿದ್ದವು.

"ಹೇಗಿತ್ತು?"

"ಎಡಗಡೆ ಭುಜದ ಹತ್ರ ತೆಳ್ಳಗಿದೆ. ಕಾಲಿನ ಕಡೆ ಎರಡು ಗಂಟಿದೆ."

"ನಿದ್ದೆ?"

"ಗಂಟು ಹುಡುಕೋದ್ರಲ್ಲೇ ಬೆಳಗಾಯ್ತು."

ಹಾಸಿಗೆಗೆ ಬೆನ್ನು ತಾಗಿದರೆ ಸಾಕು, ಅವಳ ಮೈ ಕೆಲಸಕ್ಕೆ ನಿಲ್ಲುತ್ತಿತ್ತು. ಗಂಡ ಪಟ್ಟು ಬಿಡಲಿಲ್ಲ. ಎರಡನೇ ಸಲ ಬಿಚ್ಚಿ ದಪ್ಪ ಮಾಡಿದ. ಮೂರನೇ ಸಲ ಬಿಚ್ಚಿ ತೆಳ್ಳಗೆ ಮಾಡಿದ. ರಾತ್ರಿ ಊಟವಾದ ಮೇಲೂ ಯಂತ್ರ ಗರಗರ ಅನ್ನುತ್ತಿತ್ತು, ಹತ್ತಿಯ ಧೂಳು ಅನ್ನದ ಪಾತ್ರೆಯವರೆಗೂ ಹಾರುತ್ತಿತ್ತು.

ಲ್ಯಾಬಿನಲ್ಲಿ ಕೆಲಸ ಕಲಿಯುತ್ತಿದ್ದ ಮಗಳದು ಇನ್ನೊಂದು ದಾರಿ. ಅವಳು ಫೋನಿನಲ್ಲಿ ನೋಡಿಕೊಂಡು ಬಂದು ಅಮ್ಮನ ಎದುರು ಕೂತಳು.

"ಮೂಗಲ್ಲಿ ಉಸಿರು ಎಳ್ಕೊ, ನಾಲ್ಕು ಎಣಿಸು. ಹಿಡ್ಕೊ, ಏಳು ಎಣಿಸು. ನಿಧಾನ ಬಿಡು, ಎಂಟು."

"ಇದೇನು ನಿದ್ದೆನಾ, ಲೆಕ್ಕದ ಪರೀಕ್ಷೆನಾ?"

"ಮಾಡಮ್ಮಾ ಒಂದ್ಸಲ."

ದಬ್ಬಳದಕ್ಕ ಮಾಡಿದಳು. ಎರಡನೇ ಸಲಕ್ಕೇ ಬಾಯಿ ತೆರೆದು ಏದುಸಿರು ಬಿಟ್ಟು, "ಆಗಲ್ಲ ಹೋಗೆ" ಅಂದಳು. ಮಗಳಿಗೆ ಸಿಟ್ಟು ಬಂತು. "ಯಾವುದನ್ನೂ ನೆಟ್ಟಗೆ ಮಾಡಲ್ಲ ನೀನು. ಭಯ ಆಗ್ತಿದೆ ಅಂತಾನಾದ್ರೂ ಹೇಳು."

"ಯಾರಿಗೆ ಭಯ? ನಂಗಾ? ಹೋಗಿ ಪಾತ್ರೆ ತೊಳಿ."

ಅತ್ತೆಯದು ಮೂರನೇ ದಾರಿ. ಮೆತ್ತಗೆ ತಿಂದರೆ ದವಡೆಗೂ ಒಳ್ಳೆಯದು, ಹೊಟ್ಟೆ ಹಗುರಾಗಿ ನಿದ್ದೆಯೂ ಬರುತ್ತದೆಂದು ಅವಳು ಸೊಸೆಗೆ ದಿನವೂ ಎಲ್ಲವನ್ನೂ ಬೇಯಿಸಿ ಬೇಯಿಸಿ ಮಸೆದು ಕೊಡತೊಡಗಿದಳು. ಅನ್ನವೂ ತರಕಾರಿಯೂ ಬೇಳೆಯೂ ಒಂದೇ ಬಣ್ಣಕ್ಕೆ ತಿರುಗಿರುತ್ತಿದ್ದವು.

"ಇದೇನತ್ತೆ, ಗೋಡೆಗೆ ಬಳಿಯೋದಾ?"

"ಬಾಯಿ ಕಟ್ಟಿದ ಮೇಲೆ ಇದೂ ಸಿಗಲ್ಲ, ಬರೀ ನೀರು. ಈಗ್ಲೇ ಅಭ್ಯಾಸ ಮಾಡ್ಕೊ."

ಅತ್ತೆ ಆ ಮಾತನ್ನು ಜಗಳಕ್ಕೆಂದೇ ಆಡಿದ್ದು. ಸೊಸೆ ಮಾತ್ರ ಜಗಳಕ್ಕೆ ಬರಲಿಲ್ಲ, ತಟ್ಟೆ ಎಳೆದುಕೊಂಡು ಸುಮ್ಮನೆ ಉಂಡಳು. ಇಪ್ಪತ್ತು ವರ್ಷದಲ್ಲಿ ಒಂದು ಮಾತಿಗೆ ಎರಡು ಮಾತು ಬಾರದೇ ಹೋದದ್ದು ಅದೇ ಮೊದಲು. ಅತ್ತೆಗೆ ಅವತ್ತು ಊಟ ಸೇರಲಿಲ್ಲ.

ನಿದ್ದೆಗೆಟ್ಟವಳ ಕೈ ತಪ್ಪತೊಡಗಿತು. ಹಲ್ಲು ಬಳಸಬಾರದೆಂದು ಡಾಕ್ಟರು ಹೇಳಿದ ಮೇಲೆ ಹುರಿ ಕತ್ತರಿಸಲು ಒಂದು ಕತ್ತರಿ ಇಟ್ಟುಕೊಂಡಿದ್ದಳು, ಅದು ಒಂದು ದಿನ ಎಷ್ಟು ಹುಡುಕಿದರೂ ಸಿಗಲಿಲ್ಲ. ಮೂರನೇ ದಿನ ಬೇಕರಿಯವನು ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ತಂದು ಅಂಗಡಿಯ ನಡುವೆ ಧೊಪ್ಪೆಂದು ಹಾಕಿದ.

"ಅಕ್ಕಾ, ನಿಮ್ಮ ಹಾಸಿಗೆ ನಮ್ಮಪ್ಪನ ಬೆನ್ನಿಗೆ ಚುಚ್ತಾ ಇದೆ."

ಗಂಡ ಬಿಚ್ಚಿದ. ಹತ್ತಿಯೊಳಗೆ ಕತ್ತರಿ ಬೆಚ್ಚಗೆ ಮಲಗಿತ್ತು.

ಬೇಕರಿಯವನು ನಕ್ಕ, ಮಗಳು ನಕ್ಕಳು, ಅತ್ತೆಯಂತೂ ಗೋಡೆ ಹಿಡಿದುಕೊಂಡು ನಕ್ಕಳು. ದಬ್ಬಳದಕ್ಕ ನಗಲಿಲ್ಲ. ತಾನು ಮಲಗಿ ನೋಡಿ, ಏನೂ ತಾಗದೆ ಒಪ್ಪಿದ ಹಾಸಿಗೆ ಮರಳಿ ಬಂದಿತ್ತು. ಅವಳಿಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಹಟ ಬಂತು. ಹೀಗೇ ಕೂತರೆ ಮುಂದಿನ ತಾರೀಖಿಗೂ ಬಿಪಿ ಏರುತ್ತದೆ, ಮತ್ತೆ ವಾಪಸು ಕಳಿಸುತ್ತಾರೆ, ಅಷ್ಟರಲ್ಲಿ ಮೂಳೆ ಮುರಿಯುತ್ತದೆ. ಬಾಯಿ ಕಟ್ಟುವುದಕ್ಕೇ ತಾನೇ ಇಷ್ಟು ದಿಗಿಲು? ಹಾಗಾದರೆ ಅವರು ಕಟ್ಟುವ ಮೊದಲು ನಾನೇ ಕಟ್ಟಿ ನೋಡುತ್ತೇನೆ, ನೀರಿಗೆ ಇಳಿಯದೆ ಈಜು ಬರುತ್ತದೆಯೇ ಎಂದುಕೊಂಡಳು.

ಮರುದಿನ ಮಧ್ಯಾಹ್ನ ಗಂಡ ಬಟ್ಟೆ ತರಲು ಹೋಗಿದ್ದ, ಮಗಳು ಲ್ಯಾಬಿನಲ್ಲಿದ್ದಳು. ದಬ್ಬಳದಕ್ಕ ಗವುಸಿನ ಬಟ್ಟೆಯಿಂದ ಉದ್ದನೆಯ ಪಟ್ಟಿಯೊಂದನ್ನು ಹರಿದು, ಗದ್ದದ ಕೆಳಗಿನಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದಳು. ಹಲ್ಲು ಹಲ್ಲು ಕೂಡಿತು. ಕನ್ನಡಿ ನೋಡಿಕೊಂಡು ತನಗೇ ನಗು ಬಂತು. ಹೊಲಿಗೆ ಹಾಕುತ್ತ ಕೂತಳು, ಏನೂ ಆಗಲಿಲ್ಲ. ದಿಂಬು ಕೇಳಲು ಬಂದ ಹೆಂಗಸಿಗೆ ಕೈಸನ್ನೆಯಲ್ಲೇ ಬೆಲೆ ಹೇಳಿದಳು. ಚೌಕಾಸಿಗೆ ಎದುರು ಬಾಯಿಲ್ಲದ್ದರಿಂದ ಆಕೆ ಹೇಳಿದಷ್ಟು ಕೊಟ್ಟು ಹೋದಳು. ಇದೇನೂ ಕಷ್ಟವಲ್ಲ ಎಂದು ಧೈರ್ಯ ಬಂದು, ಹಾಗೇ ಕಟ್ಟಿಕೊಂಡು ಹಾಸಿಗೆಯ ಮೇಲೆ ಅಂಗಾತ ಮಲಗಿದಳು.

ಮಲಗಿದ ಕೂಡಲೇ ಮೂಗು ಕಟ್ಟಿತು. ಒಂದು ಹೊಳ್ಳೆ ಮೊದಲೇ ಮುಚ್ಚಿತ್ತು, ಇನ್ನೊಂದೂ ಮುಚ್ಚಿತು. ಬಾಯಿ ತೆರೆಯಲು ಹೋದಳು, ತೆರೆಯಲಿಲ್ಲ. "ಅತ್ತೇ" ಎಂದು ಕೂಗಿದಳು, ಕೂಗು ಹಲ್ಲಿನ ಒಳಗೇ ಉಳಿಯಿತು. ನೆತ್ತಿಯ ಗಂಟಿಗೆ ಕೈ ಹಾಕಿದರೆ ದಿನಾ ನೂರು ಗಂಟು ಹಾಕಿ ಬಿಚ್ಚುವ ಬೆರಳಿಗೆ ಅದೊಂದು ಸಿಗಲಿಲ್ಲ. ಕಾಲು ಝಾಡಿಸಿದಳು. ಹತ್ತಿರವಿದ್ದ ನೀರಿನ ಚೊಂಬು ಉರುಳಿತು.

ಆ ಸದ್ದಿಗೆ ಅತ್ತೆ ಬಂದಳು. ಸೊಸೆಯ ಕಣ್ಣು ನೋಡಿ ಒಂದು ಮಾತೂ ಕೇಳದೆ ಪಟ್ಟಿಯನ್ನು ಮುಂದಕ್ಕೆ ಸರಕ್ಕನೆ ಎಳೆದು ತೆಗೆದಳು. ದಬ್ಬಳದಕ್ಕ ಎದ್ದು ಕೂತು ಬಾಯಿ ತುಂಬ ಗಾಳಿ ಕುಡಿದಳು. ಆಮೇಲೆ ಅತ್ತೆಯ ಎದುರು ಯಾವತ್ತೂ ಅಳದವಳು ಅತ್ತಳು.

"ಏನೇ ಇದು? ನೇಣು ಹಾಕ್ಕೊಳ್ಳೋರು ಕುತ್ತಿಗೆಗೆ ಕಟ್ಕೊತಾರೆ, ನೀನು ನೆತ್ತಿಗೆ ಕಟ್ಕೊಂಡಿದ್ದೀಯಲ್ಲ!"

"ಅಭ್ಯಾಸ ಮಾಡ್ತಿದ್ದೆ."

"ಯಾವುದಕ್ಕೆ?"

"ಬಾಯಿ ಕಟ್ಟೋದಕ್ಕೆ. ನಂಗೆ ಚಾಕು ಹಾಕೋದಕ್ಕೆ ಭಯ ಇಲ್ಲ ಅತ್ತೆ. ಹೆರಿಗೆನೇ ನೋಡಿದವಳು ನಾನು. ಬಾಯಿ ಕಟ್ಟಿ ಕಳಿಸ್ತಾರಲ್ಲ, ಆಮೇಲೆ ರಾತ್ರಿ ಮೂಗು ಕಟ್ಟಿದ್ರೆ? ಉಸಿರು ನಿಂತ್ರೆ? ಕೂಗೋಕೂ ಆಗಲ್ಲ. ಎಲ್ರೂ ಪಕ್ಕದಲ್ಲೇ ಮಲಗಿರ್ತೀರಿ, ಯಾರಿಗೂ ಗೊತ್ತಾಗಲ್ಲ. ಕಣ್ಣು ಮುಚ್ಚಿದ್ರೆ ಸಾಕು, ಅದೇ ಬರುತ್ತೆ. ಅದಕ್ಕೇ ಕಣ್ಣು ಮುಚ್ಚಲ್ಲ ನಾನು."

ಅತ್ತೆ ಉರುಳಿದ ಚೊಂಬನ್ನು ಎತ್ತಿ ನೆಟ್ಟಗಿಟ್ಟಳು. ಆಮೇಲೆ ಕೇಳಿದಳು: "ಇದನ್ನ ಡಾಕ್ಟ್ರಿಗೆ ಹೇಳಿದ್ಯಾ?"

"ಇಲ್ಲ."

"ನಿನ್ನ ಗಂಡನಿಗೆ?"

"ಇಲ್ಲ."

"ಊರೆಲ್ಲ ಹೆದರೋ ಬಾಯಿ ಇಟ್ಕೊಂಡು ಇದೊಂದನ್ನ ಹೇಳೋಕಾಗ್ಲಿಲ್ವಲ್ಲೇ! ನಾನು ಸಾರಿಗೆ ಉಪ್ಪು ಜಾಸ್ತಿ ಹಾಕಿದ್ರೆ ಮೂರು ಮನೆಗೆ ಕೇಳೋ ಹಾಗೆ ಹೇಳ್ತೀಯ!" ಅತ್ತೆಗೆ ಸಿಟ್ಟೂ ಬಂದಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. ಸೆರಗಿನಿಂದ ಮೊದಲು ಸೊಸೆಯ ಮುಖ ಒರೆಸಿದಳು. ಒರೆಸಿದ ಸೆರಗು ಬೆಳ್ಳಗಾಯಿತು. ಹುಬ್ಬು, ರೆಪ್ಪೆ, ಮೂಗಿನ ಹೊಳ್ಳೆಯ ಅಂಚು, ಎಲ್ಲ ಕಡೆ ಹತ್ತಿಯ ನವಿರು ಎಳೆ. ಅತ್ತೆ ಆ ಸೆರಗನ್ನು ಬೆಳಕಿಗೆ ಹಿಡಿದು ನೋಡಿದಳು.

"ಮೂಗಲ್ಲಿ ಉಸಿರಾಡಿ ಎಷ್ಟು ದಿನ ಆಯ್ತೇ?"

"ಹತ್ತಿ ಕೆಲಸದವರಿಗೆ ಮೂಗೆಲ್ಲಿದೆ ಅತ್ತೆ. ಬಾಯಲ್ಲೇ ಅಲ್ವಾ ನಾವೆಲ್ಲ ಉಸಿರಾಡೋದು?"

"ಹೌದು. ಅದರ ಮೇಲೆ ನಿನ್ನ ಗಂಡ ನಿನ್ನ ತಲೆದೆಸೆಯಲ್ಲೇ ಕೂತು ಹಗಲೂ ರಾತ್ರಿ ಹಿಂಜಿದಾನೆ. ನಿದ್ದೆ ಬರ್ಲಿ ಅಂತ ಹಿಂಜಿದ ಹತ್ತಿ ನಿನ್ನ ಮೂಗಿಗೇ ಹೋಗಿ ಕೂತಿದೆ. ನಾನೂ ಹಿಂಜೋ ಹಿಂಜೋ ಅಂತ ಹೇಳ್ದೆ, ಎಂಥ ಪೆದ್ದು ನಾನು."

ಅವತ್ತು ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಅತ್ತೆ ಎಲ್ಲವನ್ನೂ ಹೇಳಿ, ತನ್ನ ತೀರ್ಪನ್ನೂ ಹೇಳಿದಳು. ಯಂತ್ರ ನಾಳೆಯೇ ಮನೆಯಿಂದ ಆಚೆಗೆ ಹೋಗಬೇಕು. ಹಿಂದಿನ ಕೋಣೆಯನ್ನು ಸೂರಿನಿಂದ ನೆಲದವರೆಗೆ ತೊಳೆಯಬೇಕು. ಅದರೊಳಗೆ ಒಂದು ಎಳೆ ಹತ್ತಿಯೂ ಬರಕೂಡದು. ಸೊಸೆ ಅಲ್ಲಿ ಚಾಪೆಯ ಮೇಲೆ ಮಲಗಬೇಕು.

"ಚಾಪೆ ಮೇಲಾ?" ಗಂಡ ತಟ್ಟೆ ತಳ್ಳಿದ. "ಹಾಸಿಗೆಯವನ ಹೆಂಡತಿ ಚಾಪೆ ಮೇಲೆ ಮಲಗ್ತಾಳೆ ಅಂದ್ರೆ ಜನ ಏನಂತಾರೆ? ನಾಳೆ ಅಂಗಡಿಗೆ ಯಾರು ಬರ್ತಾರೆ?"

"ಜನ ಬಂದು ನಮ್ಮ ಹಿಂದಿನ ಕೋಣೆ ನೋಡ್ತಾರಾ?"

"ಇನ್ನೊಂದು ಸಲ ನೋಡ್ತೀನಮ್ಮಾ. ಈ ಸಲ ಹಳೆ ಹತ್ತಿ ಅರ್ಧ, ಹೊಸದು ಅರ್ಧ..."

ಆಗ ಅತ್ತೆ ಆ ಮನೆಯಲ್ಲಿ ಯಾರೂ ಆಡಬಾರದ ಮಾತನ್ನು ಆಡಿದಳು. ಅವಳ ಗಂಡ ಬದುಕಿದ್ದಾಗ ಗಿರಾಕಿಯೊಬ್ಬ ಆ ಗಾದೆಯನ್ನು ಅಂಗಡಿಯೊಳಗೆ ಹೇಳಿದ್ದಕ್ಕೆ ಅವನನ್ನು ಮೆಟ್ಟಿಲಿಳಿಸಿ ಕಳಿಸಿದ್ದರಂತೆ. "ಹಸಿವಿಗೆ ರುಚಿ ಬೇಡ, ನಿದ್ದೆಗೆ ಹಾಸಿಗೆ ಬೇಡ," ಅಂದಳು ಅತ್ತೆ ಒಂದೊಂದೇ ಮಾತನ್ನು ಬಿಡಿಸಿ. "ಹಿರಿಯರು ಸುಮ್ನೆ ಹೇಳಿಲ್ಲ. ನಮ್ಮ ಹೊಟ್ಟೆಪಾಡಿಗೆ ನಾವು ಅದನ್ನ ಮುಚ್ಚಿಟ್ಟಿದ್ವಿ, ಅಷ್ಟೇ."

ಗಂಡ ತಾಯಿಯ ಮುಖವನ್ನೇ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ಮೆಲ್ಲನೆ ಕೇಳಿದ: "ನಂಗೆ ಯಾಕೆ ಹೇಳ್ಲಿಲ್ಲ?"

"ಮೂಳೆ ಮುರಿಬಹುದು ಅಂತ ನೀವು ನಂಗೆ ಯಾಕೆ ಹೇಳ್ಲಿಲ್ಲ?"

"ನಿಂಗೆ ಗೊತ್ತಿತ್ತಾ?"

"ಬಾಗಿಲ ಹಿಂದೆ ಇದ್ದೆ."

"ಸರಿಹೋಯ್ತು," ಅಂದಳು ಮಗಳು. "ಈ ಮನೆಯಲ್ಲಿ ಎಲ್ರಿಗೂ ಎಲ್ಲಾ ಗೊತ್ತು, ಯಾರೂ ಯಾರಿಗೂ ಹೇಳಲ್ಲ. ಆಪರೇಷನ್ ದವಡೆಗೆ ಮಾತ್ರ ಸಾಕಾ?"

ಎಲ್ಲರಿಗೂ ನಗು ಬಂತು. ಗಂಡ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡ.

ಸೈಕಲ್ ರಿಪೇರಿಯವನು ತನ್ನ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಯಂತ್ರಕ್ಕೆ ಜಾಗ ಕೊಟ್ಟ. ಬಾಡಿಗೆ ಬೇಡ, ಆಮೇಲೆ ಒಂದು ಹಾಸಿಗೆ ಮಾಡಿಕೊಡಿ ಸಾಕು ಅಂದ. ಮನೆ ತೊಳೆಯಲು ನಾಲ್ಕೂ ಜನ ನಿಂತರು. ಸೂರಿನ ತೊಲೆಗಳ ಮೇಲಿಂದ ಇಳಿಸಿದ ಹತ್ತಿಯ ಧೂಳು ಎರಡು ದಿಂಬಿಗಾಗುವಷ್ಟಿತ್ತು. ಅದನ್ನು ಎಸೆಯಲು ಗಂಡನಿಗೆ ಮನಸ್ಸು ಬರಲಿಲ್ಲ, ಮಗಳು ಕಿತ್ತುಕೊಂಡು ಎಸೆದಳು.

ಆ ವಾರವೇ ಅತ್ತೆ ಸೊಸೆಯನ್ನು ಹೊರಡಿಸಿಕೊಂಡು ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮನ ಎದುರು ಕೂತು ದಬ್ಬಳದಕ್ಕ ತಡವರಿಸಿದಳು. ಅತ್ತೆ ಮೊಣಕೈಯಿಂದ ತಿವಿದಳು. "ಹೇಳೇ."

ಅವಳು ಹೇಳಿದಳು. ಡಾಕ್ಟರಮ್ಮ ನಗಲಿಲ್ಲ. "ಇದನ್ನ ಎಲ್ಲರೂ ಮನಸ್ಸಲ್ಲಿ ಇಟ್ಕೊಂಡಿರ್ತಾರೆ, ಕೇಳೋರು ಕಡಿಮೆ," ಅಂದು ಬಾಯಿಯ ಮಾದರಿಯೊಂದನ್ನು ತೆಗೆದು ತೋರಿಸಿದಳು. ಹಲ್ಲು ಕಟ್ಟಿದರೂ ಹಲ್ಲಿನ ಸಂದಿಯಲ್ಲಿ, ಕೊನೆಯ ಹಲ್ಲಿನ ಹಿಂದೆ, ಗಾಳಿ ಆಡಲು ಜಾಗವಿತ್ತು. ತಲೆ ಎತ್ತರಕ್ಕಿಟ್ಟು ಮಲಗಬೇಕು. ತಂತಿ ಕತ್ತರಿಸುವ ಕತ್ತರಿಯನ್ನು ಕೈಗೇ ಕೊಟ್ಟು ಕಳಿಸುತ್ತಾರೆ, ಅದು ಹಗಲೂ ರಾತ್ರಿ ದಿಂಬಿನ ಹತ್ತಿರ ಇರಬೇಕು. ಎಲ್ಲಿ ಕತ್ತರಿಸಬೇಕೆಂದು ಮನೆಯವರಿಗೆ ತೋರಿಸಿಕೊಡುತ್ತಾರೆ. "ನಂಗೂ ತೋರಿಸಿ," ಅಂದಳು ಅತ್ತೆ. ಮಾದರಿಯ ಮೇಲೆ ಎರಡು ಸಲ ಕತ್ತರಿಸಿ ತೋರಿಸಿದ ಮೇಲೆಯೇ ಅವಳು ಎದ್ದದ್ದು. ಮೂಗಿಗೆ ಉಪ್ಪುನೀರು ಹಾಕಿ ತೊಳೆಯುವುದನ್ನು ನರ್ಸು ಹೇಳಿಕೊಟ್ಟಳು. ದಬ್ಬಳದಕ್ಕ ಅದನ್ನು ಬೆಳಿಗ್ಗೆ ಸಂಜೆ ಬಚ್ಚಲಲ್ಲಿ ನಿಂತು ಬೈಯುತ್ತ, ಸೀನುತ್ತ ಮಾಡಿದಳು, ಆದರೆ ಒಂದು ದಿನವೂ ತಪ್ಪಿಸಲಿಲ್ಲ.

ಕೋಣೆ ತೊಳೆದ ಮೊದಲ ರಾತ್ರಿ ಅತ್ತೆಯೂ ತನ್ನ ಹಾಸಿಗೆ ಬಿಟ್ಟು ಹಿಂದಿನ ಕೋಣೆಗೆ ಬಂದು ಸೊಸೆಯ ಪಕ್ಕ ಚಾಪೆ ಹಾಸಿದಳು. ಕೈಯಲ್ಲಿ ಹಾಸಿಗೆ ಹೊಲಿಯುವ ಹುರಿ ಇತ್ತು. ಒಂದು ತುದಿಯನ್ನು ಸೊಸೆಯ ಮುಂಗೈಗೆ, ಇನ್ನೊಂದನ್ನು ತನ್ನ ಮುಂಗೈಗೆ ಕಟ್ಟಿಕೊಂಡಳು.

"ಕೂಗೋಕಾಗದಿದ್ರೆ ಎಳಿ. ನಂಗೆ ಎಚ್ಚರ ಆಗುತ್ತೆ."

"ನಿಮ್ಮ ಬೆನ್ನು ಏನಾಗ್ಬೇಕು ನೆಲದ ಮೇಲೆ?"

"ನನ್ನ ಬೆನ್ನು ನಂದು. ಮಲಗು."

ದೀಪ ಆರಿಸಿ ಸ್ವಲ್ಪ ಹೊತ್ತಾಗಿರಲಿಲ್ಲ, ಹುರಿ ಎಳೆದ ಹಾಗಾಯಿತು. ಅತ್ತೆ ಧಡಕ್ಕನೆ ಎದ್ದಳು. "ಏನೇ?"

"ಏನಿಲ್ಲ. ನೋಡಿದೆ."

ಮತ್ತೆ ಮಲಗಿದರು. ಮತ್ತೆ ಎಳೆತ.

"ಏನೇ ಇದು, ಕರು ಹಗ್ಗ ಎಳೆದ ಹಾಗೆ!"

"ಗಾಢ ನಿದ್ದೆಯಲ್ಲೂ ಎಚ್ಚರ ಆಗುತ್ತಾ ಅಂತ ನೋಡಿದೆ."

"ನಿದ್ದೆ ಮಾಡೋಕೆ ಬಿಟ್ರೆ ತಾನೇ ಗಾಢವಾಗೋದು!"

ಮೂರನೇ ಎಳೆತ ಬರಲಿಲ್ಲ. ದಬ್ಬಳದಕ್ಕನಿಗೆ ಅವತ್ತು ಪೂರಾ ನಿದ್ದೆ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ಜೋಂಪು ಬಂತು. ಮರುದಿನ ಇನ್ನೂ ಸ್ವಲ್ಪ. ನಡುವೆ ಒಂದು ರಾತ್ರಿ ಏನೂ ಬರಲಿಲ್ಲ, ಬೆಳಿಗ್ಗೆ ಎದ್ದು ಯಾರೊಂದಿಗೂ ಮಾತಾಡದೆ ಬಟ್ಟೆ ಒಗೆದಳು, ಸಂಜೆಗೆ ಮತ್ತೆ ಚಾಪೆ ಹಾಸಿದಳು. ಚಾಪೆಯಲ್ಲಿ ಹುಡುಕಲು ಗಂಟಿರಲಿಲ್ಲ, ಹೀಗಾಗಿ ಮೈಗೂ ರಜೆ ಸಿಕ್ಕಿತು.

ಹಗಲು ಪಟ್ಟಿ ಕಟ್ಟಿಕೊಳ್ಳುವ ಅಭ್ಯಾಸವನ್ನು ಅವಳು ಬಿಡಲಿಲ್ಲ. ಮೊದಲು ಅಡುಗೆ ಆಗುವಷ್ಟು ಹೊತ್ತು, ಆಮೇಲೆ ಅರ್ಧ ಹಗಲು. ಮನೆಯವರಿಗೂ ಅದು ಅಭ್ಯಾಸವಾಯಿತು. ಒಂದು ಚಪ್ಪಾಳೆ ಅಂದರೆ ಬಾ, ಎರಡು ಅಂದರೆ ಬೇಡ, ಸೌಟು ಎತ್ತಿದರೆ ಅದಕ್ಕೆ ಅರ್ಥ ಹೇಳಬೇಕಾಗಿರಲಿಲ್ಲ. ಗಂಡ ಒಮ್ಮೆ, "ಹೀಗೇ ಇದ್ರೂ ಚೆನ್ನಾಗೇ ಇದೆ" ಅಂದವನು ಎರಡು ದಿನ ಅದರ ಫಲ ಉಂಡ.

ತಾರೀಖು ಬಂತು. ನರ್ಸು ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಮನೆಯವರೆಲ್ಲ ಅವಳ ಮುಖವನ್ನೇ ನೋಡುತ್ತ ನಿಂತರು. ಅವಳು ಒಮ್ಮೆ ಅಳೆದಳು, ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಅಳೆದಳು.

"ನಿನ್ನೆ ನಿದ್ದೆ ಮಾಡಿದ್ರಾ?"

"ಮಾಡ್ದೆ."

"ಎಷ್ಟು ಹೊತ್ತು?"

"ಇವಳು ಗೊರಕೆ ಹೊಡೆದಷ್ಟು ಹೊತ್ತು ನಂಗೆ ನಿದ್ದೆ ಇಲ್ಲ," ಅಂದಳು ಅತ್ತೆ. "ನನ್ನ ಬಿಪಿ ನೋಡಿ ಬೇಕಾದ್ರೆ."

ನರ್ಸು ನಕ್ಕು, ಸ್ವಲ್ಪ ಹೆಚ್ಚಿದೆ, ಆದರೆ ನಡೆಯುತ್ತದೆ ಅಂದಳು. ಗಾಲಿಕುರ್ಚಿ ತಂದರು. ದಬ್ಬಳದಕ್ಕ ಅದನ್ನು ಪಕ್ಕಕ್ಕೆ ಸರಿಸಿ, "ಕಾಲಿಗಲ್ಲ ಆಪರೇಷನ್ನು" ಅಂದಳು. ಒಳಗೆ ಹೋಗುವ ಬಾಗಿಲಲ್ಲಿ ನಿಂತು ಮೂವರ ಕಡೆಗೂ ತಿರುಗಿ, ಬಾಯಿ ಕಟ್ಟುವ ಮೊದಲು ಹೇಳುವುದನ್ನೆಲ್ಲ ಹೇಳಿಬಿಡುವವಳಂತೆ ಒಂದೇ ಉಸಿರಿಗೆ ಹೇಳಿದಳು. ಒಲೆಯ ಗ್ಯಾಸು ಆರಿಸಿ ಮಲಗಬೇಕು. ಹೊಲಿಯುತ್ತಿರುವ ಲಾಡ್ಜಿನವರ ಹಾಸಿಗೆಯನ್ನು ನಾನು ನೋಡದೆ ಕೊಡಬೇಡಿ. ಅತ್ತೆಯ ಮಾತ್ರೆ ಮರೆಯಬೇಡಿ. ಆಮೇಲೆ ಮಗಳ ಕಡೆ ನೋಡಿದಳು. "ನಂಗೆ ಭಯ ಆಗ್ತಿದೆ," ಅಂದಳು. ಹಾಗೆ ಹೇಳಿದ ಮೇಲೆ ತನ್ನ ಕಾಲ ಮೇಲೇ ನಡೆದು ಒಳಗೆ ಹೋದಳು.

ಮರುದಿನ ಅವಳನ್ನು ವಾರ್ಡಿಗೆ ತಂದು ಹಾಕಿದರು. ಮುಖ ಊದಿತ್ತು, ಹಲ್ಲಿಗೆ ಹಲ್ಲು ಸೇರಿಸಿ ತಂತಿ ಕಟ್ಟಿತ್ತು. ಚೀಲ ಪೂರಾ ಬಂದಿದೆ, ಮೂಳೆ ಉಳಿದಿದೆ ಎಂದು ಡಾಕ್ಟರಮ್ಮ ಹೇಳಿ ಹೋಗಿದ್ದಳು. ಗಂಡ ಔಷಧಿ ತರಲು ಹೋಗಿದ್ದ, ಮಗಳೂ ಅಪ್ಪನ ಜೊತೆ ಹೋಗಿದ್ದಳು. ಅತ್ತೆ ಮಂಚದ ಪಕ್ಕದ ಸ್ಟೂಲಿನ ಮೇಲೆ, ತಂತಿ ಕತ್ತರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

ದಬ್ಬಳದಕ್ಕ ಕಣ್ಣು ಬಿಟ್ಟಳು. ಕಣ್ಣು ಮೊದಲು ಕತ್ತರಿಯನ್ನು ಹುಡುಕಿತು, ಕಂಡಿತು. ಮೂಗಿನಲ್ಲಿ ಉಸಿರೆಳೆದಳು. ಉಸಿರು ಬಂತು. ಮತ್ತೆ ಎಳೆದಳು, ಮತ್ತೆ ಬಂತು. ಆದರೂ ಎದೆ ಡವಗುಟ್ಟುತ್ತಿತ್ತು, ಏನೋ ಹೇಳಬೇಕೆಂದು ಗಂಟಲು ಗುರುಗುಟ್ಟಿತು. ಅತ್ತೆಯ ಸೊಂಟದ ಕಡೆಗೂ ಬಾಗಿಲ ಕಡೆಗೂ ಬೆರಳು ತೋರಿಸಿದಳು.

"ಗೊತ್ತು ಕಣೆ, ಗೊತ್ತು," ಅಂದಳು ಅತ್ತೆ. "ನೀನೇನಂತೀಯ ಅಂತ ನಂಗೆ ಗೊತ್ತಿಲ್ವಾ? 'ಈ ವಯಸ್ಸಲ್ಲಿ ಸ್ಟೂಲ್ ಮೇಲೆ ರಾತ್ರಿ ಎಲ್ಲ ಕೂತ್ರೆ ನಾಳೆ ನಿಮ್ಮ ಸೊಂಟ ಯಾರು ನೋಡ್ತಾರೆ? ಮನೆಗೆ ಹೋಗಿ' ಅಂತೀಯ."

ದನಿ, ಎಳೆತ, ಕೊನೆಯಲ್ಲಿ ಗದ್ದ ಎತ್ತುವುದು, ಎಲ್ಲವೂ ಥೇಟು ಸೊಸೆಯದೇ. ಪಕ್ಕದ ಮಂಚದವಳು ತಿರುಗಿ ನೋಡಿದಳು. ಅತ್ತೆ ತನ್ನ ದನಿಗೆ ವಾಪಸು ಬಂದಳು.

"ಅದಕ್ಕೆ ನಾನೇನಂತೀನಿ? 'ನನ್ನ ಸೊಂಟದ ಉಸಾಬರಿ ನಿನಗ್ಯಾಕೆ?' ಅಂತೀನಿ. ಆಗ ನೀನು, 'ಉಸಾಬರಿ ಬೇಡ ಅಂದ್ರೆ ಬೆಳಗಾದ್ರೆ ಕಾಲು ಒತ್ತು ಅಂತ ನನ್ನೇ ಯಾಕೆ ಕರೀತೀರಿ?' ಅಂತೀಯ. ಅದೂ ನಿಜವೇ. ಆದ್ರೂ ನಾನು ಬಿಡ್ತೀನಾ? 'ಈ ಮನೇಲಿ ದೊಡ್ಡೋಳು ನಾನು' ಅಂತೀನಿ. ನೀನು ಆ ಮುಖ ಮಾಡ್ಕೊಂಡು, 'ದೊಡ್ಡೋರು ನೀವೇ, ಆದ್ರೆ ಮನೆ ನಡೆಸೋಳು ನಾನು' ಅಂತೀಯ."

ಅತ್ತೆ ಮಡಿಲಲ್ಲಿದ್ದ ಕತ್ತರಿಯನ್ನು ಸರಿಮಾಡಿಕೊಂಡಳು.

"ಅದಕ್ಕೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ ಕಣೆ. ನೀನೇ ನಡೆಸೋಳು. ಹೋಗ್ಲಿ, ಗೆದ್ದೆ ನೀನು. ಆದ್ರೂ ನಾನು ಹೋಗಲ್ಲ. ನಿನ್ನ ಬಾಯಿ ವಾಪಸು ಬರೋವರೆಗೂ ಎರಡು ಕಡೆದೂ ನಾನೇ ಆಡ್ತೀನಿ. ಆಮೇಲೆ ನೀನು ಏನಂತೀಯ ಹೇಳ್ಲಾ? 'ಎರಡು ಕಡೆದೂ ನೀವೇ ಆಡಿದ್ರೆ ಅದು ಜಗಳ ಹೇಗಾಗುತ್ತೆ?' ಅಂತೀಯ. ಅದಕ್ಕೆ ನಾನು..."

ಉತ್ತರ ಬೇಕೇನೋ ಎಂದು ಅತ್ತೆ ಮಂಚದ ಕಡೆ ಬಗ್ಗಿ ನೋಡಿದಳು. ತಾನು ಗೆಲ್ಲುತ್ತಿದ್ದ ಜಗಳವನ್ನು ನಡುವೆಯೇ ಬಿಟ್ಟು ಸೊಸೆ ನಿದ್ದೆ ಹೋಗಿದ್ದಳು.